ಫ್ರೆಂಚ್ ಗುಣವಾಚಕಗಳ ತರ-ತಮ ರೂಪಗಳು: ನಿಶ್ಚಿತ ಉಪಪದದ ಪಾತ್ರ

ಫ್ರೆಂಚ್ ಕಲಿಸುವ ಪಠ್ಯಪುಸ್ತಕಗಳು ಗುಣವಾಚಕಗಳ ತಾರತಮ್ಯವನ್ನು ಬಹುಮಟ್ಟಿಗೆ ಒಂದೆರಡು ಪುಟಗಳಲ್ಲಿ ಮುಗಿಸಿಬಿಡುತ್ತವೆ. ಗುಣವಾಚಕಕ್ಕೆ ಮೊದಲು ‘ಪ್ಲ್ಯು’ ಬಂದರೆ ಹೆಚ್ಚಳದ ಹೋಲಿಕೆ, ‘ಮ್ವಾಂ’ ಬಂದರೆ ಕೊರತೆಯ ಹೋಲಿಕೆ, ‘ಒಸಿ’ ಬಂದರೆ ಸಮತೆಯ ಹೋಲಿಕೆ. ‘ಪ್ಲ್ಯು’ ಅಥವಾ ‘ಮ್ವಾಂ’ಗೆ ಮೊದಲು ನಿಶ್ಚಿತ ಉಪಪದ ಸೇರಿದರೆ ಎಲ್ಲಕ್ಕೂ ಮೇಲಿನ ಅಥವಾ ಎಲ್ಲಕ್ಕೂ ಕೆಳಗಿನ ಮಟ್ಟ. ಜೊತೆಗೆ, ಕಂಠಪಾಠಕ್ಕೆಂದು ನಾಲ್ಕೈದು ಅನಿಯತ ರೂಪಗಳು. ಈ ನಿಯಮದಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಮುಖ್ಯವಾದ ಒಂದು ಪ್ರಶ್ನೆಯನ್ನು ಕೇಳದೆಯೇ ದಾಟಿಹೋಗುತ್ತದೆ. ನಾಮಪದದ ನಿಶ್ಚಿತತೆಯನ್ನು ಸೂಚಿಸುವುದಷ್ಟೇ ಕೆಲಸವಾಗಿರುವ ಉಪಪದವೊಂದು ಗುಣದ ಪರಮಾವಧಿಯನ್ನು ಸೂಚಿಸುವುದಕ್ಕೆ ಹೇಗೆ ಒದಗಿಬಂದಿತು?

ಈ ಲೇಖನದ ವಾದ ಹೀಗಿದೆ. ಫ್ರೆಂಚಿನಲ್ಲಿ ಪರಮಾವಧಿಯನ್ನು ಸೂಚಿಸಲು ಮೀಸಲಾದ ರೂಪಿಮವೇ ಇಲ್ಲ. ಹೋಲಿಕೆಯ ರೂಪ ಮತ್ತು ನಿಶ್ಚಿತತೆ ಎರಡೂ ಕೂಡಿದಾಗ ಆ ಅರ್ಥ ಹುಟ್ಟುತ್ತದೆ. ನಿಶ್ಚಿತವಾಗುವುದು ವಸ್ತುವೋ ಅಥವಾ ಗುಣದ ಮಟ್ಟವೋ ಎಂಬ ಭೇದವನ್ನು ಉಪಪದದ ಲಿಂಗ-ವಚನಗಳ ಅನ್ವಯವೇ ಹೊರಗೆಡಹುತ್ತದೆ. ಕನ್ನಡಕ್ಕೆ ಉಪಪದವಿಲ್ಲ. ಆದರೂ ಕನ್ನಡ ಇದೇ ಭೇದವನ್ನು ಮಾಡುತ್ತದೆ, ವಾಕ್ಯದ ಮತ್ತೊಂದು ತುದಿಯಲ್ಲಿ.

ಪರಿಭಾಷೆಯ ಬಗ್ಗೆ ಎರಡು ಮಾತು. ‘ತಾರತಮ್ಯ’ ಎಂಬ ಪದವೇ ಸಂಸ್ಕೃತದ ‘ತರ’ ಮತ್ತು ‘ತಮ’ ಎಂಬ ಎರಡು ಪ್ರತ್ಯಯಗಳ ಜೋಡಣೆಯಿಂದ ಆದುದು. ಅದರ ಜಾಡಿನಲ್ಲೇ ಇಲ್ಲಿ ಎರಡರ ನಡುವಣ ಹೋಲಿಕೆಯ ರೂಪವನ್ನು ತರರೂಪವೆಂದೂ ಪರಮಾವಧಿಯ ರೂಪವನ್ನು ತಮರೂಪವೆಂದೂ ಕರೆಯಲಾಗಿದೆ. ಹೋಲಿಕೆಗೆ ಒಳಗಾಗುವುದು ಉಪಮೇಯ, ಯಾವುದರೊಡನೆ ಹೋಲಿಸುತ್ತೇವೆಯೋ ಅದು ಉಪಮಾನ. ಇವು ಅಲಂಕಾರಶಾಸ್ತ್ರದಿಂದ ಎರವಲು ತಂದ ಹೆಸರುಗಳಷ್ಟೆ. ಆ ಶಾಸ್ತ್ರದ ಹೊರೆಯನ್ನು ಇಲ್ಲಿ ಹೊರಿಸಿಲ್ಲ. ಫ್ರೆಂಚ್ ಉದಾಹರಣೆಗಳನ್ನು ಬರಹದಂತಲ್ಲದೆ ಉಚ್ಚಾರಣೆಯಂತೆ ಕೊಟ್ಟಿದೆ. ನಿಶ್ಚಿತ ಉಪಪದದ ಪುಲ್ಲಿಂಗ ಏಕವಚನ ‘ಲ’, ಸ್ತ್ರೀಲಿಂಗ ಏಕವಚನ ‘ಲಾ’, ಎರಡರ ಬಹುವಚನ ‘ಲೆ’. ಈ ಮೂರರ ವ್ಯತ್ಯಾಸ ಮುಂದೆ ನಿರ್ಣಾಯಕವಾಗುವುದರಿಂದ ಓದುಗರು ಹ್ರಸ್ವ-ದೀರ್ಘಗಳನ್ನು ಗಮನಿಸಬೇಕು.

1. ಗುರುತು ಬೀಳುವ ಜಾಗ

(1) ಪಿಯೆರ್ ಎ ಪ್ಲ್ಯು ಗ್ರಾಂ ಕ ಪೋಲ್.
‘ಪಿಯೆರ್ ಪೋಲ್‌ನಿಗಿಂತ ಎತ್ತರ.’

ವಾಕ್ಯ (1) ಮತ್ತು ಅದರ ಕನ್ನಡ ರೂಪವನ್ನು ಎದುರುಬದುರು ಇಟ್ಟರೆ ಮೊದಲು ಕಣ್ಣಿಗೆ ಬೀಳುವುದು ಗುರುತಿನ ಸ್ಥಾನ. ಫ್ರೆಂಚಿನಲ್ಲಿ ‘ಗ್ರಾಂ’ ಎಂಬ ಗುಣವಾಚಕಕ್ಕೆ ‘ಪ್ಲ್ಯು’ ಅನಿವಾರ್ಯ. ಅದನ್ನು ತೆಗೆದುಹಾಕಿ ‘ಪಿಯೆರ್ ಎ ಗ್ರಾಂ ಕ ಪೋಲ್’ ಎಂದರೆ ವಾಕ್ಯವೇ ನಿಲ್ಲುವುದಿಲ್ಲ. ಕನ್ನಡದಲ್ಲಿ ‘ಎತ್ತರ’ ಎಂಬ ಪದ ಹೋಲಿಕೆಯಲ್ಲೂ ಹೋಲಿಕೆಯಿಲ್ಲದ ವಾಕ್ಯದಲ್ಲೂ ಒಂದೇ. ಹೋಲಿಕೆಯ ಭಾರವನ್ನೆಲ್ಲ ಉಪಮಾನಕ್ಕೆ ಹತ್ತಿದ ‘-ಗಿಂತ’ ಹೊರುತ್ತದೆ. ‘ಹೆಚ್ಚು ಎತ್ತರ’ ಎನ್ನಬಹುದು, ಎನ್ನದೆಯೂ ಇರಬಹುದು.

ಲಿಯೋನ್ ಸ್ಟಾಸ್ಸೆನ್ 1985ರ ತಮ್ಮ ಗ್ರಂಥದಲ್ಲಿ ಜಗತ್ತಿನ ಭಾಷೆಗಳ ಹೋಲಿಕೆಯ ರಚನೆಗಳನ್ನು ವರ್ಗೀಕರಿಸುವಾಗ ಉಪಮಾನವನ್ನು ಸೂಚಿಸುವ ಬಗೆಯನ್ನೇ ಆಧಾರವಾಗಿ ಇಟ್ಟುಕೊಂಡರು. ಅವರ ಚೌಕಟ್ಟಿನಲ್ಲಿ ಫ್ರೆಂಚಿನ ‘ಕ’ ಒಂದು ಅವ್ಯಯ: ಅದು ಉಪಮಾನಕ್ಕೆ ತಾನಾಗಿ ಯಾವ ವಿಭಕ್ತಿಯನ್ನೂ ಕೊಡುವುದಿಲ್ಲ. ಚತುರ್ಥಿಯ ಮೇಲೆ ನಿಂತ ಕನ್ನಡದ ‘-ಗಿಂತ’ ಹಾಗಲ್ಲ. ಅದು ಸ್ಥಾನ ಅಥವಾ ಅಗಲಿಕೆಯ ಅರ್ಥವುಳ್ಳ ವಿಭಕ್ತಿಗಳಿಂದ ಹೋಲಿಕೆಯನ್ನು ಕಟ್ಟುವ ಬಗೆಗೆ ಹತ್ತಿರವಾದುದು. ಈ ವರ್ಗೀಕರಣ ಗುಣವಾಚಕದ ಮೇಲಿನ ಗುರುತನ್ನು ಬದಿಗಿಟ್ಟುದು ನನ್ನ ದೃಷ್ಟಿಯಲ್ಲಿ ಅದರ ಶಕ್ತಿಯೂ ಹೌದು, ಮಿತಿಯೂ ಹೌದು. ಫ್ರೆಂಚ್-ಕನ್ನಡಗಳ ಮಟ್ಟಿಗೆ ನಿಜವಾದ ಅಂತರ ಇರುವುದು ಆ ಬದಿಗಿಟ್ಟ ಭಾಗದಲ್ಲಿಯೇ.

ಉಪಮಾನವನ್ನು ಬಾಯಿಬಿಟ್ಟು ಹೇಳದಿದ್ದಾಗ ಈ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ‘ಯುನ್ ಶಾಂಬ್ರ್ ಪ್ಲ್ಯು ಗ್ರಾಂದ್’ ಎಂದರೆ, ಸಂದರ್ಭದಲ್ಲಿರುವ ಯಾವುದೋ ಒಂದು ಕೊಠಡಿಗಿಂತ ದೊಡ್ಡದಾದ ಕೊಠಡಿ. ಕನ್ನಡದಲ್ಲಿ ‘ದೊಡ್ಡ ಕೊಠಡಿ ಬೇಕು’ ಎಂದರೆ ಹೋಲಿಕೆ ಅಳಿಸಿಹೋಗುತ್ತದೆ. ‘ಇನ್ನೂ ದೊಡ್ಡ ಕೊಠಡಿ ಬೇಕು’ ಎನ್ನಬೇಕು. ಅಂದರೆ ‘-ಗಿಂತ’ಕ್ಕೆ ನಿಲ್ಲಲು ನೆಲ ಸಿಗದಾಗ ಮಾತ್ರ ಕನ್ನಡ ಗುಣದ ಕಡೆಗೆ ತಿರುಗುತ್ತದೆ. ಗುಣವಾಚಕವೆಂಬ ವರ್ಗವೇ ಎಲ್ಲ ಭಾಷೆಗಳಲ್ಲಿ ಒಂದೇ ರೀತಿ ಬೇರ್ಪಟ್ಟು ನಿಲ್ಲುವುದಿಲ್ಲವೆಂಬುದು ಡಿ. ಎನ್. ಶಂಕರ ಭಟ್ಟರ 1994ರ ಗ್ರಂಥದ ವಸ್ತು. ತರ-ತಮಗಳ ಚರ್ಚೆಯೂ ಕೊನೆಗೆ ಆ ಪ್ರಶ್ನೆಗೇ ತಾಗುತ್ತದೆ, ಆದರೆ ಇಲ್ಲಿ ಅದನ್ನು ಮುಂದುವರಿಸುವುದಿಲ್ಲ.

2. ಲ್ಯಾಟಿನ್ನಿನಿಂದ ಉಳಿದದ್ದು, ಅಳಿದದ್ದು

ಲ್ಯಾಟಿನ್ನಿನಲ್ಲಿ ತರರೂಪಕ್ಕೂ ತಮರೂಪಕ್ಕೂ ಬೇರೆಬೇರೆ ಪ್ರತ್ಯಯಗಳಿದ್ದುವು: ‘-ಇಯೊರ್’ ಮತ್ತು ‘-ಇಸ್ಸಿಮುಸ್’. ಇವುಗಳ ಪಕ್ಕದಲ್ಲಿ ‘ಮಾಗಿಸ್’ ಮತ್ತು ‘ಪ್ಲೂಸ್’ ಎಂಬ ಬಿಡಿ ಪದಗಳಿಂದ ಹೋಲಿಕೆಯನ್ನು ಕಟ್ಟುವ ಪದ್ಧತಿಯೂ ಇತ್ತು. ರೋಮಾನ್ಸ್ ಭಾಷೆಗಳಲ್ಲಿ ಗೆದ್ದುದು ಈ ಬಿಡಿ ಪದಗಳು. ಸ್ಪ್ಯಾನಿಶ್, ಪೋರ್ಚುಗೀಸ್, ಕೆಟಲನ್, ರುಮೇನಿಯನ್ ಭಾಷೆಗಳು ‘ಮಾಗಿಸ್’ ಅನ್ನು ಆರಿಸಿಕೊಂಡುವು. ಫ್ರೆಂಚ್ ಮತ್ತು ಇಟಾಲಿಯನ್ ‘ಪ್ಲೂಸ್’ ಅನ್ನು. ಫ್ರೆಂಚಿನಲ್ಲಿ ಕೆಲಸ ಕಳೆದುಕೊಂಡ ‘ಮಾಗಿಸ್’ ನಾಶವಾಗಲಿಲ್ಲ, ‘ಮೆ’ ಎಂಬ ರೂಪ ತಾಳಿ ‘ಆದರೆ’ ಎಂಬ ಅರ್ಥದ ಸಂಬಂಧಾವ್ಯಯವಾಯಿತು.

ಹಳೆಯ ಪ್ರತ್ಯಯರೂಪಗಳು ಒಮ್ಮೆಗೇ ಮರೆಯಾಗಲಿಲ್ಲ. ಸಂತ ಯುಲಾಲಿಯಳನ್ನು ಕುರಿತ ಸುಮಾರು 880ರ ಕಿರುಕಾವ್ಯದಲ್ಲಿ ‘ಹೆಚ್ಚು ಚೆಲುವಾದ’ ಎಂಬರ್ಥದ ‘ಬೆಲ್ಲೆಝೂರ್’ ಎಂಬ ಒಂದೇ ಪದದ ತರರೂಪ ಸಿಗುತ್ತದೆ. ‘ಗ್ರಾಂ’ ಪದಕ್ಕೂ ಹಳೆಯ ಫ್ರೆಂಚಿನಲ್ಲಿ ಅಂಥ ರೂಪವಿತ್ತು. ಅಂದಿನ ಭಾಷೆಯಲ್ಲಿ ಕರ್ತೃರೂಪ ಮತ್ತು ಕರ್ತೃವಲ್ಲದ ರೂಪ ಎಂಬ ಎರಡು ವಿಭಕ್ತಿಗಳಿದ್ದುದರಿಂದ ಇಂಥ ಪದಗಳು ಜೋಡಿಜೋಡಿಯಾಗಿ ಇರುತ್ತಿದ್ದುವು. ಇಂದಿನ ‘ಮೆಯರ್’ (‘ಹೆಚ್ಚು ಒಳ್ಳೆಯ’) ಅಂಥ ಒಂದು ಜೋಡಿಯ ಕರ್ತೃವಲ್ಲದ ರೂಪದಿಂದ ಬಂದಿದೆ. ‘ಪೀರ್’ (‘ಹೆಚ್ಚು ಕೆಟ್ಟ’) ಮತ್ತು ‘ಮ್ವಾಂದ್ರ್’ (‘ಹೆಚ್ಚು ಕಿರಿದಾದ’) ಕರ್ತೃರೂಪದಿಂದ ಬಂದಿವೆ. ಫ್ರೆಂಚ್ ನಾಮಪದಗಳಲ್ಲಿ ಸಾಮಾನ್ಯವಾಗಿ ಉಳಿದುದು ಕರ್ತೃವಲ್ಲದ ರೂಪವಾದ್ದರಿಂದ ಈ ಎರಡನೆಯ ಗುಂಪು ಅಪವಾದವೇ ಸರಿ. ಕೆಲವು ಜೋಡಿಗಳು ಎರಡು ಪದಗಳಾಗಿ ಒಡೆದುಹೋದುವು. ‘ಹಿರಿಯ’ ಎಂಬರ್ಥದ ಲ್ಯಾಟಿನ್ ತರರೂಪದ ಒಂದು ಕುಡಿ ‘ಸೀರ್’ ಆಯಿತು, ಇನ್ನೊಂದು ‘ಸೆನ್ಯರ್’ ಆಯಿತು. ಎರಡೂ ಒಡೆಯನನ್ನು ಸೂಚಿಸುವ ನಾಮಪದಗಳು. ಊರಿನ ಮುಖ್ಯಸ್ಥನನ್ನು ಸೂಚಿಸುವ ‘ಮೇರ್’ ಎಂಬುದೂ ‘ಹೆಚ್ಚು ದೊಡ್ಡ’ ಎಂಬ ತರರೂಪದ ಸಂತಾನ.

ಕನ್ನಡ ಓದುಗರಿಗೆ ಇದು ಅಪರಿಚಿತ ಬೆಳವಣಿಗೆಯಲ್ಲ. ಲ್ಯಾಟಿನ್ನಿನ ‘-ಇಯೊರ್’ ಮತ್ತು ಸಂಸ್ಕೃತದ ‘-ಈಯಸ್’ ಒಂದೇ ಮೂಲದವು. ‘ಪ್ರಿಯ’ದ ತರರೂಪದಿಂದ ಬಂದ ‘ಪ್ರೇಯಸಿ’, ‘ಹೆಚ್ಚು ಒಳ್ಳೆಯದು’ ಎಂಬುದರಿಂದ ಬಂದ ‘ಶ್ರೇಯಸ್ಸು’ ಇಂದು ಕನ್ನಡದಲ್ಲಿ ಅಪ್ಪಟ ನಾಮಪದಗಳು. ಅವುಗಳಲ್ಲಿ ಹೋಲಿಕೆಯ ಸೊಲ್ಲೇ ಉಳಿದಿಲ್ಲ. ‘ಶ್ರೇಷ್ಠ’ ತಮರೂಪವಾಗಿದ್ದರೂ ‘ಅತ್ಯಂತ ಶ್ರೇಷ್ಠ’ ಎನ್ನಲು ನಾವು ಹಿಂಜರಿಯುವುದಿಲ್ಲ. ಫ್ರೆಂಚಿನಲ್ಲಿ ಇದಕ್ಕೆ ಸಮಾನವಾದುದು ವಿದ್ವಾಂಸರ ಮೂಲಕ ಲ್ಯಾಟಿನ್ನಿನಿಂದ ಬಂದ ‘ಸ್ಯುಪೆರ್ಯರ್’, ‘ಆಂಫೆರ್ಯರ್’ ಮುಂತಾದ ಪದಗಳ ಗುಂಪು. ಹುಟ್ಟಿನಿಂದ ತರರೂಪಗಳಾದರೂ ಇವು ಉಪಮಾನವನ್ನು ‘ಕ’ದಿಂದ ಪಡೆಯದೆ ‘ಆ’ ಎಂಬ ಉಪಸರ್ಗದಿಂದ ಪಡೆಯುತ್ತವೆ. ‘ತುಂಬ’ ಎಂಬರ್ಥದ ‘ತ್ರೆ’ಯನ್ನು ‘ಸ್ಯುಪೆರ್ಯರ್’ಗೆ ಹಚ್ಚಬಹುದು, ‘ಮೆಯರ್’ಗೆ ಹಚ್ಚಲಾಗದು, ‘ಮೆಯರ್’ಗೆ ಒಪ್ಪುವುದು ತರರೂಪಗಳೊಡನೆ ಬರಬಲ್ಲ ‘ಬ್ಯಾಂ’ ಎಂಬ ಪದ. ಈ ಒಂದು ಪರೀಕ್ಷೆ ಸಾಕು. ‘ಮೆಯರ್’ ಇಂದಿಗೂ ತರರೂಪ, ‘ಸ್ಯುಪೆರ್ಯರ್’ ತರರೂಪದ ವೇಷದಲ್ಲಿರುವ ಸಾಮಾನ್ಯ ಗುಣವಾಚಕ.

‘ಬೋಂ–ಮೆಯರ್’ ಬಗೆಯ ಪ್ರಕೃತ್ಯಾದೇಶಗಳು ಸಿದ್ಧಾಂತದ ದೃಷ್ಟಿಯಿಂದ ಮಹತ್ವದವು. ಜೊನಾಥನ್ ಬೊಬಾಲ್ಯಿಕ್ 2012ರಲ್ಲಿ ಒಂದು ಸಾರ್ವತ್ರಿಕ ನಿಯಮವನ್ನು ಮಂಡಿಸಿದರು: ತರರೂಪದಲ್ಲಿ ಪ್ರಕೃತಿ ಬದಲಾದರೆ ತಮರೂಪದಲ್ಲೂ ಬದಲಾಗಲೇಬೇಕು, ಮೂಲರೂಪಕ್ಕೂ ತಮರೂಪಕ್ಕೂ ಒಂದೇ ಪ್ರಕೃತಿಯಿದ್ದು ನಡುವಿನ ತರರೂಪಕ್ಕೆ ಮಾತ್ರ ಬೇರೆ ಪ್ರಕೃತಿಯಿರುವ ಭಾಷೆ ಇರದು. ಅವರ ವಿವರಣೆಯಂತೆ ಇದಕ್ಕೆ ಕಾರಣ ತಮರೂಪದ ಒಳಗೇ ತರರೂಪ ಅಡಗಿರುವುದು. ಲ್ಯಾಟಿನ್ನಿನ ‘ಬೊನುಸ್–ಮೆಲಿಯೊರ್–ಒಪ್ಟಿಮುಸ್’ನಲ್ಲಿ ಮೂರಕ್ಕೆ ಮೂರು ಪ್ರಕೃತಿಗಳು. ಸಂಸ್ಕೃತದ ‘ಪ್ರಶಸ್ಯ–ಶ್ರೇಯಸ್–ಶ್ರೇಷ್ಠ’ದಲ್ಲಿ ಎರಡು, ಪಾಣಿನಿ ‘ಪ್ರಶಸ್ಯ’ಕ್ಕೆ ‘ಶ್ರ’ ಎಂಬ ಆದೇಶವನ್ನು ಈ ಎರಡೂ ಪ್ರತ್ಯಯಗಳ ಮುಂದೆ ಒಂದೇ ಸೂತ್ರದಲ್ಲಿ ವಿಧಿಸುತ್ತಾನೆ. ಫ್ರೆಂಚಿನ ‘ಬೋಂ–ಮೆಯರ್–ಲ ಮೆಯರ್’ನಲ್ಲೂ ಎರಡೇ. ವ್ಯತ್ಯಾಸವೆಂದರೆ, ಬೊಬಾಲ್ಯಿಕ್ ಬೇರೆ ಭಾಷೆಗಳಲ್ಲಿ ವಾದದಿಂದ ಸಾಧಿಸಬೇಕಾದ ಅಡಕ ಫ್ರೆಂಚಿನಲ್ಲಿ ಮೇಲ್ಮೈಯಲ್ಲೇ ಕಾಣುತ್ತದೆ. ‘ಒಪ್ಟಿಮುಸ್’ನ ಸ್ಥಾನಕ್ಕೆ ಹೊಸ ಪ್ರಕೃತಿ ಬರಲಿಲ್ಲ, ಹೊಸ ಪ್ರತ್ಯಯವೂ ಬರಲಿಲ್ಲ, ತರರೂಪವೇ ಉಪಪದವನ್ನು ಹೊತ್ತು ಆ ಸ್ಥಾನದಲ್ಲಿ ನಿಂತಿತು.

ಆದೇಶ ನಡೆಯಬೇಕಾದರೆ ‘ಪ್ಲ್ಯು’ ಮತ್ತು ಗುಣವಾಚಕ ಒಂದಕ್ಕೊಂದು ನೇರವಾಗಿ ಅಂಟಿರಬೇಕು. ‘ಪ್ಲ್ಯು ಬೋಂ’ ಎಂಬುದನ್ನು ಫ್ರೆಂಚ್ ಒಪ್ಪುವುದಿಲ್ಲ; ಆದರೆ ‘ಪ್ಲ್ಯುಜ಼ು ಮ್ವಾಂ ಬೋಂ’ (‘ಹೆಚ್ಚುಕಡಿಮೆ ಒಳ್ಳೆಯ’) ಸಹಜ. ಅಲ್ಲಿ ‘ಪ್ಲ್ಯು’ ಮೊದಲು ‘ಮ್ವಾಂ’ನೊಡನೆ ಸೇರಿಕೊಂಡಿದೆ. ಒಬ್ಬನೇ ವ್ಯಕ್ತಿಯ ಎರಡು ಗುಣಗಳನ್ನು ತೂಗಿ, ಅವನು ಜಾಣ ಎನ್ನುವುದಕ್ಕಿಂತ ಒಳ್ಳೆಯವ ಎನ್ನುವುದೇ ಸರಿ ಎಂದು ಹೇಳುವಾಗಲೂ ‘ಪ್ಲ್ಯು ಬೋಂ’ಗೆ ಸಾಂಪ್ರದಾಯಿಕ ವ್ಯಾಕರಣದ ಅನುಮತಿಯುಂಟು. ಅಲ್ಲಿ ಅಳೆಯುತ್ತಿರುವುದು ಒಳ್ಳೆಯತನದ ಮಟ್ಟವನ್ನಲ್ಲ, ಆ ಮಾತು ಎಷ್ಟು ಹೊಂದುತ್ತದೆ ಎಂಬುದನ್ನು. ವಿದ್ಯಾರ್ಥಿಗಳ ‘ಪ್ಲ್ಯು ಬೋಂ’ಗೆ ಕೆಂಪು ಗೆರೆ ಎಳೆಯುವ ಮುನ್ನ ಅಧ್ಯಾಪಕರು ಸಂದರ್ಭವನ್ನೊಮ್ಮೆ ನೋಡಬೇಕಾದುದು ಇದಕ್ಕಾಗಿ.

ಉಳಿದ ಎರಡು ಪದಗಳ ಸ್ಥಿತಿ ಇಷ್ಟು ಗಟ್ಟಿಯಲ್ಲ. ‘ಪೀರ್’ನ ಜೊತೆಗೆ ‘ಪ್ಲ್ಯು ಮೊವೆ’ಯೂ, ‘ಮ್ವಾಂದ್ರ್’ನ ಜೊತೆಗೆ ‘ಪ್ಲ್ಯು ಪತಿ’ಯೂ ಬಳಕೆಯಲ್ಲಿವೆ. ಗಾತ್ರದ ಮಾತಾದರೆ ‘ಪ್ಲ್ಯು ಪತಿ’ಯೇ ಸರಿ, ‘ಮ್ವಾಂದ್ರ್’ ಅಮೂರ್ತಕ್ಕೆ ಸರಿದುಹೋಗಿದೆ. ‘ಪೀರ್’ ತನ್ನ ತರತ್ವವನ್ನು ಕಳೆದುಕೊಳ್ಳುವ ಹಾದಿಯಲ್ಲಿದೆ ಎಂಬುದಕ್ಕೆ, ಶಿಷ್ಟ ವ್ಯಾಕರಣ ಖಂಡಿಸುತ್ತಲೇ ಬಂದಿರುವ ‘ಪ್ಲ್ಯು ಪೀರ್’ ಎಂಬ ಆಡುಮಾತೂ ಕ್ವೆಬೆಕ್‌ನಲ್ಲಿ ‘ಪರವಾಗಿಲ್ಲ’ ಎಂಬರ್ಥದಲ್ಲಿ ನಿತ್ಯ ಕೇಳಿಬರುವ ‘ಪಾ ಪೀರ್’ ಎಂಬುದೂ ಸಾಕ್ಷಿ.

3. ಉಪಪದ ಏನನ್ನು ನಿಶ್ಚಿತಗೊಳಿಸುತ್ತದೆ?

ತಮರೂಪವೆಂಬುದು ನಿಶ್ಚಿತವಾದ ತರರೂಪವೇ ಎಂಬುದಕ್ಕೆ ಸರಳವಾದ ಪುರಾವೆ ಇಬ್ಬರ ನಡುವಣ ಆಯ್ಕೆಯಲ್ಲಿದೆ. ‘ಲ ಪ್ಲ್ಯು ಗ್ರಾಂ ದೆ ದೊ’ ಎಂದರೆ ‘ಇಬ್ಬರಲ್ಲಿ ಎತ್ತರದವನು’. ಇಲ್ಲಿ ನಡೆದಿರುವುದು ಎರಡರ ಹೋಲಿಕೆ. ಹತ್ತು ಜನರಲ್ಲಿ ಎತ್ತರದವನನ್ನು ಆರಿಸುವಾಗಲೂ ಫ್ರೆಂಚ್ ಬಳಸುವುದು ಅದೇ ‘ಲ ಪ್ಲ್ಯು ಗ್ರಾಂ’. ಗುಂಪಿನ ಗಾತ್ರ ಬದಲಾದರೆ ಅರ್ಥ ಬದಲಾಗುತ್ತದೆಯೇ ಹೊರತು ರೂಪವಲ್ಲ.

ಈಗ ಉಪಪದದ ನೆಲೆಗಳನ್ನು ನೋಡೋಣ.

(2) ಯುನ್ ರ್‍ಯು ಪ್ಲ್ಯು ಕಾಲ್ಮ್
‘ಇನ್ನೂ ಪ್ರಶಾಂತವಾದ ಒಂದು ಬೀದಿ’

(3) ಲಾ ರ್‍ಯು ಲಾ ಪ್ಲ್ಯು ಕಾಲ್ಮ್
‘ಎಲ್ಲಕ್ಕಿಂತ ಪ್ರಶಾಂತವಾದ ಬೀದಿ’

(4) ಲಾ ಪ್ಲ್ಯು ಬೆಲ್ ರ್‍ಯು
‘ಎಲ್ಲಕ್ಕಿಂತ ಚೆಲುವಾದ ಬೀದಿ’

(5) ಮೋಂ ಪ್ಲ್ಯು ಬೋ ಲೀವ್ರ್
‘ನನ್ನ ಪುಸ್ತಕಗಳಲ್ಲೆಲ್ಲ ಚೆಲುವಾದುದು’

ಗುಣವಾಚಕ ನಾಮಪದದ ನಂತರ ಬಂದಾಗ, (3)ರಲ್ಲಿರುವಂತೆ, ಉಪಪದ ಎರಡು ಬಾರಿ ಬರುತ್ತದೆ. ಮೊದಲು ಬಂದರೆ ಒಂದೇ ಸಾಕು. (5)ರಲ್ಲಿ ಉಪಪದವೇ ಇಲ್ಲ, ಅದರ ಜಾಗದಲ್ಲಿ ‘ನನ್ನ’ ಎಂಬ ಸ್ವಾಮ್ಯವಾಚಕವಿದೆ; ಆದರೂ ತಮಾರ್ಥಕ್ಕೆ ಕೊರತೆಯಿಲ್ಲ. ‘ಲ ಪ್ಲ್ಯು’ ಎಂಬುದನ್ನು ತಮರೂಪದ ಗುರುತೆಂದು ಕಲಿತ ವಿದ್ಯಾರ್ಥಿ ಎಡವುವುದು ಇಲ್ಲಿಯೇ: ‘ಮೋಂ ಪ್ಲ್ಯು ಬೋ ಲೀವ್ರ್’ ಅನ್ನು ಅವನು ‘ನನ್ನ ಇನ್ನೂ ಚೆಲುವಾದ ಪುಸ್ತಕ’ ಎಂದು ಓದುತ್ತಾನೆ. ನಾಮಪದಕ್ಕೆ ಮೊದಲಿನ ಸ್ಥಾನದಲ್ಲಿ ಬೇಕಾದುದು ‘ಲ’ ಎಂಬ ಪದವಲ್ಲ, ನಿಶ್ಚಿತತೆ. ಅದನ್ನು ಯಾವ ನಿಶ್ಚಿತ ಗುರುತು ತಂದುಕೊಟ್ಟರೂ ನಡೆಯುತ್ತದೆ.

ನಾಮಪದದ ನಂತರದ ಸ್ಥಾನದಲ್ಲಿ ಹಾಗಲ್ಲ. ‘ನನ್ನ ಅತಿ ಹಳೆಯ ನೆನಪುಗಳು’ ಎನ್ನಲು ‘ಮೆ ಸೂವ್ನೀರ್ ಲೆ ಪ್ಲ್ಯುಜ಼ಾಂಸ್ಯಾಂ’ ಎನ್ನಬೇಕು; ಹೊರಗೆ ‘ನನ್ನ’ ಇದ್ದರೂ ಒಳಗೆ ‘ಲೆ’ ಕಡ್ಡಾಯ. ಈ ಒಳಗಿನ ಉಪಪದ ನಾಮಪದದ ಉಪಪದದ ಪ್ರತಿಧ್ವನಿಯೆಂದು, ಕೇವಲ ಅನ್ವಯದ ಫಲವೆಂದು ಹೇಳಿಬಿಡಬಹುದೆ? ಉಪಸರ್ಗದ ಪರೀಕ್ಷೆ ಅದಕ್ಕೆ ಅಡ್ಡಬರುತ್ತದೆ. ‘ದ’ ಎಂಬ ಷಷ್ಠೀಸೂಚಕ ಬಹುವಚನದ ‘ಲೆ’ಯೊಡನೆ ಕೂಡಿದರೆ ‘ದೆ’ ಆಗುತ್ತದೆ. ‘ಎಲ್ಲಕ್ಕಿಂತ ಪ್ರಶಾಂತವಾದ ನಗರಗಳ’ ಎನ್ನುವಾಗ ‘ದೆ ವಿಲ್ ಲೆ ಪ್ಲ್ಯು ಕಾಲ್ಮ್’ ಎನ್ನುತ್ತಾರೆ: ಹೊರಗಿನದು ‘ದೆ’ಯಾಯಿತು, ಒಳಗಿನದು ‘ಲೆ’ಯಾಗಿಯೇ ಉಳಿಯಿತು. ಪ್ರತಿಧ್ವನಿಯಾಗಿದ್ದರೆ ಎರಡೂ ಒಂದೇ ಆಗಬೇಕಿತ್ತು. ಲಿಂಗ-ವಚನಗಳಲ್ಲಿ ನಾಮಪದವನ್ನು ಅನುಸರಿಸುತ್ತಲೇ ಉಪಸರ್ಗದ ಹಿಡಿತದಿಂದ ಹೊರಗುಳಿಯುವ ಈ ಉಪಪದ ತನ್ನದೇ ಆದ ಒಂದು ಚಿಕ್ಕ ಪದಪುಂಜದ ತಲೆಯಲ್ಲಿದೆ ಎನ್ನಬೇಕಾಗುತ್ತದೆ. (3)ನ್ನು ‘ಬೀದಿ, ಎಲ್ಲಕ್ಕಿಂತ ಪ್ರಶಾಂತವಾದುದು’ ಎಂದು ಬಿಡಿಸಿದರೆ ಅದರ ರಚನೆಗೆ ಹತ್ತಿರವಾದ ಕನ್ನಡ ಸಿಗುತ್ತದೆ.

ಈ ಸಂಗತಿಯನ್ನು ಮೊದಲು ಗುರುತಿಸಿದವರಲ್ಲಿ ವೋಜ್ಲಾ ಒಬ್ಬ. 1647ರಲ್ಲಿ ಪ್ರಕಟವಾದ ತನ್ನ ಟಿಪ್ಪಣಿಗಳ ಸಂಪುಟದಲ್ಲಿ ಅವನು, ನಾಮಪದದ ನಂತರ ‘ಪ್ಲ್ಯು’ವಿನೊಡನೆ ಬರುವ ಗುಣವಾಚಕಕ್ಕೆ ಉಪಪದ ಬೇಕೇ ಬೇಕೆಂದೂ ಹೊರಗಿನ ನಾಮಪದ ಯಾವ ವಿಭಕ್ತಿಯಲ್ಲಿದ್ದರೂ ಆ ಉಪಪದ ಪ್ರಥಮೆಯಲ್ಲೇ ಇರಬೇಕೆಂದೂ ವಿಧಿಸಿದ. ನಿಯಮವನ್ನು ವಿಧಿಸಬೇಕಾಯಿತು ಎಂದರೆ ಬಳಕೆ ಬೇರೆಯೂ ಇತ್ತೆಂದೇ ಅರ್ಥ. 17ನೆಯ ಶತಮಾನದ ಸಾಹಿತ್ಯದಲ್ಲಿ ಒಳಗಿನ ಉಪಪದವಿಲ್ಲದ ತಮರೂಪಗಳು ಸಿಗುತ್ತವೆ. ಇಟಾಲಿಯನ್ ಇಂದಿಗೂ ಆ ಸ್ಥಿತಿಯಲ್ಲಿದೆ: ‘ಲಾ ಸ್ತ್ರಾದಾ ಪ್ಯೂ ತ್ರಾಂಕ್ವಿಲ್ಲಾ’ ಎಂಬುದು ‘ಇನ್ನೂ ಪ್ರಶಾಂತವಾದ ಆ ಬೀದಿ’ಯೂ ಆಗಬಹುದು, ‘ಎಲ್ಲಕ್ಕಿಂತ ಪ್ರಶಾಂತವಾದ ಬೀದಿ’ಯೂ ಆಗಬಹುದು. ರುಮೇನಿಯನ್ ಇನ್ನೊಂದ್ದಾರಿ ಹಿಡಿದು, ನಿರ್ದೇಶಕ ಮೂಲದ ‘ಚೆಲ್’ ಎಂಬುದನ್ನು ‘ಮಾಯ್’ಗೆ ಮೊದಲು ತಂದಿತು. ಸೋದರ ಭಾಷೆಗಳು ಮೂರೂ ತರರೂಪಕ್ಕೆ ನಿಶ್ಚಿತತೆಯನ್ನು ಕೂಡಿಸಿದುವು. ಎಷ್ಟು ಸಲ, ಎಲ್ಲಿ ಎಂಬುದರಲ್ಲಷ್ಟೇ ಭಿನ್ನವಾದುವು.

ಇಲ್ಲಿಯವರೆಗಿನ ಉದಾಹರಣೆಗಳಲ್ಲೆಲ್ಲ ನಿಶ್ಚಿತವಾದುದು ವಸ್ತು. ಮುಂದಿನ ಜೋಡಿ ಬೇರೆ.

(6) ಸೆತ್ ರ್‍ಯು ಎ ಲಾ ಪ್ಲ್ಯು ಬ್ರ್ಯುಯಾಂತ್ ದ ಲಾ ವಿಲ್.
‘ಈ ಬೀದಿ ಊರಿನ ಎಲ್ಲ ಬೀದಿಗಳಿಗಿಂತ ಗದ್ದಲದ್ದು.’

(7) ಸೆ ಲ ಸ್ವಾರ್ ಕ ಸೆತ್ ರ್‍ಯು ಎ ಲ ಪ್ಲ್ಯು ಬ್ರ್ಯುಯಾಂತ್.
‘ಈ ಬೀದಿಯಲ್ಲಿ ಬೇರೆಲ್ಲ ಹೊತ್ತಿಗಿಂತ ಸಂಜೆ ಗದ್ದಲ ಹೆಚ್ಚು.’

‘ರ್‍ಯು’ ಸ್ತ್ರೀಲಿಂಗ. ‘ಬ್ರ್ಯುಯಾಂತ್’ ಎಂಬ ಗುಣವಾಚಕ ಎರಡೂ ವಾಕ್ಯಗಳಲ್ಲಿ ಸ್ತ್ರೀಲಿಂಗದಲ್ಲೇ ಇದೆ. ಆದರೆ (6)ರಲ್ಲಿ ‘ಲಾ’ ಇದ್ದರೆ (7)ರಲ್ಲಿ ‘ಲ’ ಇದೆ. (6)ರಲ್ಲಿ ಒಂದು ಬೀದಿಯನ್ನು ಬೇರೆ ಬೀದಿಗಳೊಡನೆ ಹೋಲಿಸಿದೆ. (7)ರಲ್ಲಿ ಒಂದೇ ಬೀದಿಯನ್ನು ಅದರದೇ ಬೇರೆ ಹೊತ್ತುಗಳೊಡನೆ ಹೋಲಿಸಿದೆ. ಬೀದಿಗಳ ಗುಂಪಿನಿಂದ ಯಾವುದನ್ನೂ ಆರಿಸಿಲ್ಲ. ಆರಿಸಿರುವುದು ಗದ್ದಲದ ಮಟ್ಟಗಳಲ್ಲಿ ಒಂದನ್ನು. ಮಟ್ಟಕ್ಕೆ ಲಿಂಗವಿಲ್ಲ, ಹೀಗಾಗಿ ಉಪಪದ ಯಾವ ಅನ್ವಯವೂ ಇಲ್ಲದಾಗಿನ ರೂಪವಾದ ಪುಲ್ಲಿಂಗ ಏಕವಚನಕ್ಕೆ ಬಂದು ನಿಲ್ಲುತ್ತದೆ. ಕ್ರಿಯಾವಿಶೇಷಣಗಳ ತಮರೂಪದಲ್ಲೂ ಇದೇ ನಿಶ್ಚಲ ‘ಲ’ ಕಾಣುತ್ತದೆ. ಅಲ್ಲಿ ಆರಿಸಲು ವಸ್ತುವೇ ಇರದು.

ಶಾಲಾ ವ್ಯಾಕರಣಗಳು ಇದನ್ನು ಒಂದು ಸೂಕ್ಷ್ಮ ಶಿಷ್ಟಾಚಾರವೆಂಬಂತೆ ಪುಟದ ಅಡಿಯಲ್ಲಿ ಸೇರಿಸುತ್ತವೆ. ವಾಸ್ತವವಾಗಿ ಇಡೀ ವ್ಯವಸ್ಥೆಯ ಕೀಲಿ ಅಲ್ಲಿದೆ ಎಂದು ನನಗೆ ತೋರುತ್ತದೆ. ಬಳಕೆಯಲ್ಲಿ ಹೊಯ್ದಾಟ ಉಂಟೆಂಬುದು ನಿಜ. (7)ರಂಥ ಕಡೆಗಳಲ್ಲಿ ಒಳ್ಳೆಯ ಲೇಖಕರೂ ‘ಲಾ’ ಬರೆದಿರುವುದನ್ನು, 1936ರಿಂದ ಮರುಮುದ್ರಣಗೊಳ್ಳುತ್ತ ಬಂದಿರುವ ಗ್ರೆವಿಸ್‌ನ ‘ಲ ಬೋನ್ ಯುಜಾಜ್’ನಂಥ ವ್ಯಾಕರಣಗಳು ದಾಖಲಿಸಿವೆ. ಈ ಹೊಯ್ದಾಟಕ್ಕೂ ಕಾರಣ ಊಹಿಸಬಹುದು: ‘ಸಂಜೆಯ ಬೀದಿ’, ‘ಬೆಳಗಿನ ಬೀದಿ’ ಎಂದು ಒಂದೇ ಬೀದಿಯನ್ನು ಹಲವಾಗಿ ಕಲ್ಪಿಸಿಕೊಂಡರೆ ಮಟ್ಟದ ಆಯ್ಕೆ ವಸ್ತುವಿನ ಆಯ್ಕೆಯಾಗಿಬಿಡುತ್ತದೆ. ಆದರೆ ಹೊಯ್ದಾಟ ಒಮ್ಮುಖವಾದುದು. (6)ರಲ್ಲಿ ‘ಲಾ’ದ ಬದಲು ‘ಲ’ ಬಳಸುವುದಕ್ಕೆ ಇಂಥ ಕಲ್ಪನೆಯ ಆಸರೆ ಸಿಗದು.

ಈಗ (6) ಮತ್ತು (7)ರ ಕನ್ನಡ ರೂಪಗಳನ್ನು ಮತ್ತೊಮ್ಮೆ ನೋಡಬಹುದು. ಫ್ರೆಂಚ್ ಉಪಪದದಲ್ಲಿ ತೋರಿದ ಭೇದವನ್ನು ಕನ್ನಡ ‘-ಗಿಂತ’ ಹತ್ತಿದ ಪದದಲ್ಲಿ ತೋರಿದೆ: ಒಂದೆಡೆ ‘ಎಲ್ಲ ಬೀದಿಗಳಿಗಿಂತ’, ಇನ್ನೊಂದೆಡೆ ‘ಬೇರೆಲ್ಲ ಹೊತ್ತಿಗಿಂತ’. ಕನ್ನಡಕ್ಕೂ ತಮರೂಪದ ಸ್ವಂತ ಪ್ರತ್ಯಯವಿಲ್ಲ. ಉಪಮಾನದ ಮೇಲೆ ‘ಎಲ್ಲ’ವನ್ನು ಹೇರಿದರೆ ತರದ ವಾಕ್ಯವೇ ತಮದ ವಾಕ್ಯವಾಗುತ್ತದೆ. (ತರ್ಕದಲ್ಲಿ ಪಳಗಿದವರು ‘ರಾಮ ತರಗತಿಯಲ್ಲಿ ಎಲ್ಲರಿಗಿಂತ ಎತ್ತರ’ ಎಂಬುದಕ್ಕೆ ಆಕ್ಷೇಪ ಎತ್ತಬಹುದು, ‘ಎಲ್ಲರ’ಲ್ಲಿ ರಾಮನೂ ಇದ್ದಾನಲ್ಲ ಎಂದು. ಮಾತಾಡುವವರಿಗೆ ಈ ತೊಡಕು ಬಾಧಿಸದು. ‘ಉಳಿದ’ ಎಂಬುದು ತಾನಾಗಿ ಒಳಗೆ ಸೇರಿಕೊಳ್ಳುತ್ತದೆ.) ಎರಡು ಭಾಷೆಗಳೂ ತಮವನ್ನು ತರದಿಂದಲೇ ಕಟ್ಟುತ್ತವೆ. ಹೋಲಿಕೆಯ ಗುರುತನ್ನು ಗುಣವಾಚಕದ ಬಳಿ ಇಡುವ ಭಾಷೆ ಅಲ್ಲಿಯೇ ನಿಶ್ಚಿತತೆಯನ್ನು ಕೂಡಿಸಿತು, ಉಪಮಾನದ ಬಳಿ ಇಡುವ ಭಾಷೆ ಅಲ್ಲಿಯೇ ಸಾಕಲ್ಯವನ್ನು ಕೂಡಿಸಿತು.

4. ‘ಕ’ದ ಆಚೆಗೆ

ಉಪಮಾನದ ಕಡೆ ಫ್ರೆಂಚ್ ಬರಿಗೈಯಲ್ಲಿ ನಿಂತಿದೆ ಎಂದೇನಲ್ಲ. ‘ಕ’ದ ನಂತರ ಪೂರ್ಣವಾಕ್ಯ ಬಂದಾಗ ಅಲ್ಲೊಂದು ವಿಚಿತ್ರವಾದ ‘ನ’ ಇಣುಕುತ್ತದೆ. ‘ಇಲ್ ಎ ಪ್ಲ್ಯು ಗ್ರಾಂ ಕ ಜ ನ ಪಾಂಸೆ’ ಎಂದರೆ ‘ಅವನು ನಾನು ಎಣಿಸಿದ್ದಕ್ಕಿಂತ ಎತ್ತರ’. ‘ನ’ ನಿಷೇಧದ ಪದ. ಇಲ್ಲಿ ಅದು ಏನನ್ನೂ ನಿಷೇಧಿಸುವುದಿಲ್ಲ, ಬಿಟ್ಟರೂ ವಾಕ್ಯ ಕೆಡದು. ಆದರೆ ಸಮತೆಯ ‘ಒಸಿ’ಯೊಡನೆ ಅದು ಬರುವಂತಿಲ್ಲ. ಹೆಚ್ಚು ಅಥವಾ ಕಡಿಮೆ ಎನ್ನುವಲ್ಲಿ ‘ನಾನು ಅಷ್ಟೆಂದು ಎಣಿಸಿರಲಿಲ್ಲ’ ಎಂಬ ನಿಷೇಧ ಅಡಗಿದೆ, ಸಮವೆನ್ನುವಲ್ಲಿ ಇಲ್ಲ. ನಿಷೇಧದ ಸಹವಾಸವನ್ನು ಬಯಸುವ ‘ಜಮೆ’ (‘ಎಂದೂ’) ಎಂಬ ಪದವೂ ‘ಪ್ಲ್ಯು ಕ ಜಮೆ’ ಎಂದು ಇಲ್ಲಿ ಸಲೀಸಾಗಿ ಬರುತ್ತದೆ. ಕನ್ನಡ ಅದನ್ನು ‘ಎಂದಿಗಿಂತಲೂ ಹೆಚ್ಚು’ ಎನ್ನುತ್ತದೆ; ಪ್ರಶ್ನಾರ್ಥಕಕ್ಕೆ ‘ಊ’ ಹತ್ತಿದ, ‘ಎಂದೂ ಇಲ್ಲ’ದಲ್ಲಿ ಕಾಣುವ ಜೋಡಣೆಯೇ ‘-ಗಿಂತ’ವನ್ನು ನಡುವೆ ಇಟ್ಟುಕೊಂಡು ಮರಳಿದೆ.

ತಮರೂಪವೂ ಕೆಲವೊಮ್ಮೆ ನಿಷೇಧದ ನೆರಳಿಗೆ ಸರಿಯುತ್ತದೆ. ‘ಸಾಂ ಲ ಮ್ವಾಂದ್ರ್ ದೂತ್’ ಎಂಬುದು ಪದಶಃ ‘ಅತಿ ಕಿರಿದಾದ ಅನುಮಾನವಿಲ್ಲದೆ’. ಕನ್ನಡದಲ್ಲಿ ‘ಎಳ್ಳಷ್ಟೂ ಅನುಮಾನವಿಲ್ಲದೆ’. ಮಾಪನದ ಕೆಳತುದಿಯನ್ನು ನಿಷೇಧಿಸಿದರೆ ಇಡೀ ಮಾಪನವನ್ನೇ ನಿಷೇಧಿಸಿದಂತೆ ಎಂಬುದನ್ನು ಜಿಲ್ ಫೋಕೋನಿಯೆ 1975ರಲ್ಲೇ ವಿವರಿಸಿದ್ದರು. ಫ್ರೆಂಚ್ ಅದಕ್ಕೆ ತಮರೂಪವನ್ನು ಬಳಸಿದರೆ ಕನ್ನಡ ಎಳ್ಳನ್ನು ಬಳಸುತ್ತದೆ.

5. ಅನುವಾದದಲ್ಲಿ ‘ಅತ್ಯಂತ’

ಮೇಲಿನ ವಿಶ್ಲೇಷಣೆಗೆ ನೇರವಾಗಿ ತಾಗುವ ಒಂದು ವ್ಯಾವಹಾರಿಕ ಪ್ರಶ್ನೆ ಉಳಿದಿದೆ. ಫ್ರೆಂಚಿನಿಂದ ಕನ್ನಡಕ್ಕೆ ತರುವಾಗ ‘ಲ ಪ್ಲ್ಯು’ ಕಂಡಲ್ಲೆಲ್ಲ ‘ಅತ್ಯಂತ’ ಎಂದು ಬರೆಯುವ ರೂಢಿ ಬಲವಾಗಿದೆ. ‘ಅತ್ಯಂತ’ ಮೂಲತಃ ಹೋಲಿಕೆಯ ಪದವಲ್ಲ, ತೀವ್ರತೆಯ ಪದ. ‘ಅತ್ಯಂತ ಪ್ರಶಾಂತವಾದ ಬೀದಿ’ ಎಂಬುದು ‘ಬಹಳ ಪ್ರಶಾಂತವಾದ ಒಂದು ಬೀದಿ’ ಎಂದೂ ಆಗಬಹುದು. (3)ರಲ್ಲಿ ಉಪಪದ ಎರಡು ಬಾರಿ ಬಂದು ಕಾಪಾಡಿದ ಅರ್ಥ ಅಲ್ಲಿ ಸಡಿಲಗೊಳ್ಳುತ್ತದೆ.

ವಿಪರ್ಯಾಸವೆಂದರೆ, ‘ಅತ್ಯಂತ’ಕ್ಕೆ ನಿಜವಾಗಿಯೂ ಸರಿಹೊಂದುವ ರಚನೆಗಳು ಫ್ರೆಂಚಿನಲ್ಲಿ ಬೇರೆಯೇ ಇವೆ. 16ನೆಯ ಶತಮಾನದಲ್ಲಿ ಇಟಾಲಿಯನ್ ಪ್ರಭಾವದಿಂದ ಹರಡಿದ ‘-ಇಸ್ಸೀಮ್’ ಪ್ರತ್ಯಯ ಅವುಗಳಲ್ಲಿ ಒಂದು. ‘ರಿಶಿಸ್ಸೀಮ್’ ಎಂದರೆ ವಿಪರೀತ ಶ್ರೀಮಂತ, ಎಲ್ಲರಿಗಿಂತ ಶ್ರೀಮಂತನಲ್ಲ. ‘ಓಂ ನ ಪೊ ಪ್ಲ್ಯು’ ಎಂಬುದು ಇನ್ನೊಂದು: ‘ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ’ ಎಂಬ ಇಡೀ ವಾಕ್ಯವೇ ಗುಣವಾಚಕದ ವಿಶೇಷಣವಾಗಿ ಗಟ್ಟಿಯಾಗಿದೆ. ಮೂರನೆಯದು ಹೆಚ್ಚು ಕುತೂಹಲದ್ದು. ‘ಯುನ್ ಕೆಸ್ತ್ಯೋಂ ದೆ ಪ್ಲ್ಯು ದೆಲಿಕಾತ್’ ಎಂಬಲ್ಲಿ ನಾಮಪದ ಅನಿಶ್ಚಿತ, ‘ದೆ’ಯ ಒಳಗೆ ನಿಶ್ಚಿತ ಉಪಪದ ಅಡಗಿದೆ. ಪದಶಃ ಅದು ‘ಅತಿ ನಾಜೂಕಾದವುಗಳ ಪೈಕಿ ಒಂದು ಪ್ರಶ್ನೆ’. ಇಂದು ಫ್ರೆಂಚ್ ಮಾತಾಡುವವರು ಅದನ್ನು ‘ಬಹಳ ನಾಜೂಕಾದ ಪ್ರಶ್ನೆ’ ಎಂದೇ ಗ್ರಹಿಸುತ್ತಾರೆ. ಗುಣವಾಚಕವನ್ನು ಬಹುವಚನದಲ್ಲಿ ಬರೆಯಬೇಕೆ, ಏಕವಚನದಲ್ಲಿ ಬರೆಯಬೇಕೆ ಎಂಬ ಗೊಂದಲ ಹುಟ್ಟಿರುವುದೂ ಆ ಕಾರಣಕ್ಕೇ: ಗುಂಪಿನ ನೆನಪಿರುವವರು ಬಹುವಚನ ಬರೆಯುತ್ತಾರೆ, ಗುಂಪನ್ನು ಮರೆತವರು ಏಕವಚನ. ನಾಮಪದ ಅನಿಶ್ಚಿತವಾದೊಡನೆ ತಮಾರ್ಥ ಕರಗಿ ತೀವ್ರತೆಯಷ್ಟೇ ಉಳಿಯಿತು.

ಆದ್ದರಿಂದ ಅನುವಾದಕ ಮೊದಲು ನೋಡಬೇಕಾದುದು ‘ಪ್ಲ್ಯು’ವನ್ನಲ್ಲ, ಅದರ ಸುತ್ತಲಿನ ಉಪಪದಗಳನ್ನು. ನಾಮಪದ ನಿಶ್ಚಿತವಾಗಿದ್ದು ಒಳಗಿನ ಉಪಪದ ಅದನ್ನು ಅನುಸರಿಸುತ್ತಿದ್ದರೆ ‘ಎಲ್ಲಕ್ಕಿಂತ’ ಅಥವಾ ‘ಎಲ್ಲರಿಗಿಂತ’; ಉಪಪದ ನಿಶ್ಚಲವಾಗಿದ್ದರೆ ‘ಬೇರೆಲ್ಲ ಹೊತ್ತಿಗಿಂತ’, ‘ಬೇರೆಲ್ಲ ಕಡೆಗಿಂತ’; ನಾಮಪದವೇ ಅನಿಶ್ಚಿತವಾಗಿ ‘ದೆ ಪ್ಲ್ಯು’ ಬಂದಿದ್ದರೆ ಮಾತ್ರ ‘ಅತ್ಯಂತ’. ನಾಮಪದಕ್ಕೆ ಮೊದಲು ಸ್ವಾಮ್ಯವಾಚಕವಿರುವ (5)ರಂಥ ಕಡೆಗಳಲ್ಲಿ ‘ಪುಸ್ತಕಗಳಲ್ಲೆಲ್ಲ’ ಎಂಬ ಸಪ್ತಮಿಯ ಆಸರೆ ಬೇಕಾಗುತ್ತದೆ. ಕನ್ನಡದ ಸ್ವಾಮ್ಯವಾಚಕ ನಿಶ್ಚಿತತೆಯನ್ನು ಅಷ್ಟು ಬಿಗಿಯಾಗಿ ಹಿಡಿದಿಡುವುದಿಲ್ಲ: ‘ನನ್ನ ಪುಸ್ತಕ’ ಎಂಬುದು ನನ್ನ ಹಲವು ಪುಸ್ತಕಗಳಲ್ಲಿ ಒಂದೂ ಆಗಿರಬಹುದು, ‘ಮೋಂ ಲೀವ್ರ್’ ಸಾಮಾನ್ಯವಾಗಿ ಹಾಗಾಗದು.